ಕಣಜ ಕಡಿದರೆ ಹದಿನೈದು ನಿಮಿಷ

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಚೌತಿಗೆ ಅಂತ ಊರಿಗೆ ಹೋಗಿದ್ದೆ. ಊರಿಗೆ ಹೋಗಿ ಬಂದವನು ಮಳೆ, ಅಪ್ಪೆಹುಳಿ, ತಾಳಮದ್ದಳೆ ಅಂತ ಎರಡು ಪುಟ ಬರೆದು ನಿಮ್ಮ ಹೊಟ್ಟೆ ಉರಿಸುವುದು ನನ್ನ ಹಳೇ ಚಾಳಿ :) ಈ ಸಲ ಅದ್ಯಾವುದೂ ಇಲ್ಲ. ಈ ಸಲ ಬರೆಯಬೇಕಾಗಿರುವುದು ಒಂದು ಇಂಜೆಕ್ಷನ್ ಬಗ್ಗೆ. ಸ್ವಲ್ಪ ಕಾನೂನೂ ಬರುತ್ತದೆ, ಸಹಿಸಿಕೊಳ್ಳಿ.

ಹಬ್ಬ ಮುಗಿದ ಮೂರನೇ ದಿನ ಅಪ್ಪಚ್ಚಿ ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋಗಿದ್ದರು. (ಅಪ್ಪಚ್ಚಿ ಅಂದರೆ ನಮ್ಮ ಕಡೆ ಚಿಕ್ಕಪ್ಪ. ಬೆಟ್ಟ ಅಂದರೆ ಗುಡ್ಡ ಅಲ್ಲ, ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳಿದೆ.) ಪೊದೆಯೊಳಗೆ ಕಣಜದ ಗೂಡಿತ್ತು. ಕತ್ತಿ ತಾಗಿತು. ಕುತ್ತಿಗೆಗೆ ಒಂದೇ ಒಂದು ಕಣಜ ಕಡಿಯಿತು. ಹುಳ ಕಡಿಯುವುದು ತೋಟದವರಿಗೆ ಸುದ್ದಿಯೇ ಅಲ್ಲವಲ್ಲ, ಅವರು ಬಾಯಲ್ಲಿದ್ದ ಕವಳದ ರಸವನ್ನೇ ಹಚ್ಚಿಕೊಂಡು ಇನ್ನೊಂದು ಹೊರೆ ಕಟ್ಟಲು ನೋಡಿದ್ದಾರೆ. ಆಮೇಲೆ ಅಂಗೈ ತುರಿಸತೊಡಗಿದೆ. ಮನೆ ಅಂಗಳಕ್ಕೆ ಬರುವಷ್ಟರಲ್ಲಿ ಮುಖ ಕೆಂಪಗಾಗಿ ತುಟಿ ದಪ್ಪಗಾಗಿತ್ತು. ಜಗಲಿ ಮೇಲೆ ಕೂತವರು, "ಮಾಣಿ, ಯಂಗೆ ಉಸ್ರು ಕಟ್ತಾ ಇದ್ದು" ಅಂದರು.

ಎರಡು ವರ್ಷದ ಹಿಂದೆ ಇದೇ ಜಾತಿಯ ಕಣಜ ಕಡಿದು ಅವರಿಗೆ ಮೈತುಂಬಾ ದದ್ದು ಎದ್ದಿತ್ತಂತೆ. ಪಿತ್ತದ ಗಂಧೆ ಅಂತ ಮುರುಗಲು ನೀರು ಹಚ್ಚಿದ್ದರು, ಸಂಜೆಗೆ ಇಳಿದಿತ್ತು. ಅದು ಎಚ್ಚರಿಕೆ ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ. ಹೇಳುವವರಾದರೂ ಯಾರು?

ನನಗೆ ಗೊತ್ತಿದ್ದದ್ದು ಒಂದೇ ಒಂದು ಹೆಸರು, ಅದೂ ಬೆಂಗಳೂರಿನ ಆಫೀಸಿನಲ್ಲಿ ಒಮ್ಮೆ ಕೊಟ್ಟಿದ್ದ ಪ್ರಥಮ ಚಿಕಿತ್ಸೆ ತರಬೇತಿಯಿಂದ: ಅಡ್ರಿನಲಿನ್. ಪಕ್ಕದ ಮನೆಯವರ ಜೀಪು ಹತ್ತಿಸಿಕೊಂಡು ಹೊರಟೆವು. ದಾರಿಯಲ್ಲಿ ಕ್ರಾಸ್ ಹತ್ತಿರ ಒಂದು ಮೆಡಿಕಲ್ ಶಾಪ್ ಇದೆ. ಜೀಪು ನಿಲ್ಲಿಸಿ ಓಡಿಹೋಗಿ ಕೇಳಿದೆ. "ಅದು ನಮ್ಮಲ್ಲಿ ಇರೂದಿಲ್ಲ. ಇದ್ರೂ ಚೀಟಿ ಇಲ್ದೆ ಕೊಡೂಕೆ ಬರೂದಿಲ್ಲ. ನೀವು ತಡ ಮಾಡ್ಬೇಡಿ, ಹೊರಡಿ" ಅಂದ ಆ ಮನುಷ್ಯ. ಎರಡು ಎವಿಲ್ ಮಾತ್ರೆ ಕೈಗೆ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಒಳ್ಳೆಯವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಮಾತ್ರ ತಲೆಯಿಂದ ಹೋಗಿಲ್ಲ. ಇರುವುದಿಲ್ಲ, ಇದ್ದರೂ ಕೊಡಲು ಬರುವುದಿಲ್ಲ.

ಅಪ್ಪಚ್ಚಿ ಬದುಕಿದರು. ತಾಲ್ಲೂಕು ಕೇಂದ್ರ ತಲುಪುವಾಗ ಸುಮಾರು ನಲವತ್ತು ನಿಮಿಷ ಆಗಿತ್ತು, ಅರ್ಧ ಪ್ರಜ್ಞೆ ಇತ್ತು. ಡ್ಯೂಟಿ ಡಾಕ್ಟರ್ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿ, ಸಲೈನ್ ಹಾಕಿ, ಐದು ನಿಮಿಷಕ್ಕೆ ಇನ್ನೊಂದು ಚುಚ್ಚಿದರು. ಹತ್ತು ನಿಮಿಷದಲ್ಲಿ ಅಪ್ಪಚ್ಚಿ ಕಣ್ಣು ಬಿಟ್ಟು "ಕತ್ತಿ ಬೆಟ್ಟದಲ್ಲೇ ಉಳತ್ತು" ಅಂದರು. ನಾವು ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆವು. ಡಾಕ್ಟರ್ ನಮಗೆ ಬೈದರು ಕೂಡ, ಅಂಗಳದಿಂದ ಜೀಪಿನವರೆಗೆ ನಡೆಸಿದ್ದಕ್ಕೆ. ಇಂಥ ಹೊತ್ತಲ್ಲಿ ಎದ್ದು ನಿಲ್ಲಿಸಿದರೆ ರಕ್ತದೊತ್ತಡ ದಬಕ್ಕನೆ ಕುಸಿಯುತ್ತದಂತೆ. ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು, ನಡೆಸಬಾರದು. ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ.

ಬೆಂಗಳೂರಿಗೆ ಬಂದ ಮೇಲೆ ಈ ವಿಷಯ ಹುಡುಕಿ ಓದುತ್ತಾ ಹೋದೆ. ಬ್ರಿಟನ್ನಿನ ರಿಚರ್ಡ್ ಪಂಫ್ರೇ ಎಂಬ ವೈದ್ಯರು ಇಂಥ ಅಲರ್ಜಿಯಿಂದ (ಅನಾಫಿಲಾಕ್ಸಿಸ್ ಅನ್ನುತ್ತಾರೆ) ಸತ್ತವರ ದಾಖಲೆಗಳನ್ನೆಲ್ಲ ಕೂಡಿಹಾಕಿ 2000ನೇ ಇಸವಿಯಲ್ಲಿ ಒಂದು ಲೇಖನ ಪ್ರಕಟಿಸಿದ್ದರು. ಉಸಿರಾಟ ಅಥವಾ ಹೃದಯ ನಿಲ್ಲುವುದಕ್ಕೆ ಹಿಡಿದ ಸಮಯ, ಮಧ್ಯದ ಲೆಕ್ಕದಲ್ಲಿ, ಆಹಾರದಿಂದಾದರೆ 30 ನಿಮಿಷ, ಹುಳ ಕಡಿದರೆ 15 ನಿಮಿಷ, ಚುಚ್ಚಿದ ಔಷಧದಿಂದಾದರೆ 5 ನಿಮಿಷ. ಹದಿನೈದು ನಿಮಿಷದಲ್ಲಿ ನಮ್ಮ ಜೀಪು ಡಾಂಬರು ರಸ್ತೆಗೂ ಬಂದಿರಲಿಲ್ಲ. ಅಪ್ಪಚ್ಚಿ ಉಳಿದದ್ದು ಅದೃಷ್ಟದಿಂದ.

ನಮ್ಮ ಕಡೆಯ ಮನೆಗಳು ಹೇಗಿವೆ ಅಂತ ನೋಡದವರಿಗೆ ಈ ದೂರ ಅರ್ಥವಾಗುವುದಿಲ್ಲ. ಊರು ಅಂದರೆ ಬೀದಿ ಅಲ್ಲ. ಒಂದು ಕಣಿವೆಗೆ ಒಂದು ಮನೆ, ಅದರಾಚೆ ತೋಟ, ಅದರಾಚೆ ಬೆಟ್ಟ. ಮಳೆಗಾಲದಲ್ಲಿ ಎಷ್ಟೋ ಮನೆಗಳಿಗೆ ಕಾಲುಸಂಕವೇ ದಾರಿ. 108 ಆಂಬುಲೆನ್ಸ್ 2008ರಿಂದ ಇದೆ, ಒಳ್ಳೆಯ ಕೆಲಸವನ್ನೂ ಮಾಡಿದೆ. ಆದರೆ ಫೋನಿಗೆ ಸಿಗ್ನಲ್ ಬೇಕಾದರೆ ಧರೆ ಹತ್ತಬೇಕಾದ ಕಡೆ ಅದಕ್ಕೆ ಹೇಳಿ ಕಳಿಸುವುದು ಹೇಗೆ? ದೊಡ್ಡ ಆಸ್ಪತ್ರೆ ಬೇಕೆಂದರೆ ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರು. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತವಾಗಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಲ್ಲರೂ ದನಿ ಎತ್ತಿದ್ದೆವು. ನಾನೂ ಎತ್ತಿದ್ದೆ. ಈಗಲೂ ಬೇಕು ಅಂತಲೇ ಹೇಳುತ್ತೇನೆ. ಆದರೆ ಹೇಳಿ, ಆ ಆಸ್ಪತ್ರೆ ನಾಳೆಯೇ ಕಾರವಾರದಲ್ಲೋ ಕುಮಟಾದಲ್ಲೋ ಎದ್ದು ನಿಂತರೂ ಅಪ್ಪಚ್ಚಿಯ ಹದಿನೈದು ನಿಮಿಷಕ್ಕೆ ಅದರಿಂದ ಏನುಪಯೋಗ? ಅವರಿಗೆ ಬೇಕಿದ್ದದ್ದು ಕೋಟಿಗಟ್ಟಲೆ ರೂಪಾಯಿಯ ಕಟ್ಟಡವಲ್ಲ. ಒಂದು ಮಿಲಿಲೀಟರಿನ ಗಾಜಿನ ಆಂಪೂಲು, ಒಂದು ಸಿರಿಂಜು, ಅದನ್ನು ತೊಡೆಗೆ ಚುಚ್ಚಲು ಗೊತ್ತಿರುವ ಒಬ್ಬ ಮನುಷ್ಯ.

ಈ ಅಡ್ರಿನಲಿನ್ ಹೊಸದೇನೂ ಅಲ್ಲ. ಜಪಾನಿನ ಜೋಕಿಚಿ ತಾಕಾಮಿನೆ ಅದನ್ನು ಬೇರ್ಪಡಿಸಿ ನೂರಿಪ್ಪತ್ತು ವರ್ಷ ದಾಟಿತು. ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಹಂತದಿಂದಲೇ ಇರಬೇಕು ಎಂದಿದೆ. ಬೆಲೆಯೂ ಸರ್ಕಾರದ ನಿಯಂತ್ರಣದಲ್ಲಿದೆ. ಸಮಸ್ಯೆ ಇರುವುದೂ ಅಲ್ಲೇ ಅಂತ ಕಾಣುತ್ತದೆ. ಅಷ್ಟು ಅಗ್ಗದ, ವರ್ಷಕ್ಕೆ ಒಬ್ಬರೂ ಕೇಳದ, ಬೆಳಕು ಬಿಸಿ ತಾಗಿದರೆ ಕೆಡುವ, ಎಕ್ಸ್‌ಪೈರಿ ಆಗಿ ಎಸೆಯಬೇಕಾದ ಮದ್ದನ್ನು ಹಳ್ಳಿಯ ಅಂಗಡಿಯವನು ಯಾಕೆ ಇಟ್ಟುಕೊಳ್ಳುತ್ತಾನೆ?

ಡಾಕ್ಟರು ಮುಂದೆ ಬೇಕಾಗಬಹುದು ಅಂತ ಚೀಟಿ ಬರೆದುಕೊಟ್ಟಿದ್ದರು, ಅದನ್ನು ಹಿಡಿದು ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ. ಒಬ್ಬರು ಇಲ್ಲ ಅಂದರು. ಇನ್ನೊಬ್ಬರು "ಅದು ಆಸ್ಪತ್ರೆಯವರಿಗೆ ಮಾತ್ರ, ಬಿಡಿ ಕೊಡೋದಿಲ್ಲ" ಅಂದರು. ಮತ್ತೊಬ್ಬರು ನನ್ನ ಮುಖವನ್ನೇ ಅನುಮಾನದಿಂದ ನೋಡಿದರು. ನಾಲ್ಕನೆಯವರು ತರಿಸಿಕೊಡುತ್ತೇನೆ, ವಾರ ಬಿಟ್ಟು ಬನ್ನಿ ಅಂದರು, ಮಾತಿನಂತೆ ತರಿಸಿಯೂ ಕೊಟ್ಟರು. ಅದೇ ಕೌಂಟರಿನಲ್ಲಿ, ನಾನು ನಿಂತಿದ್ದ ಹತ್ತು ನಿಮಿಷದಲ್ಲಿ, ಚೀಟಿ ಇಲ್ಲದೆ ಎರಡು ಥರದ ಆಂಟಿಬಯಾಟಿಕ್ಕು, ಒಂದು ಸ್ಟಿರಾಯ್ಡ್ ಮುಲಾಮು ಮಾರಾಟವಾದವು. ಕಾನೂನು ಬಿಗಿ ಇರಬೇಕಾದಲ್ಲಿ ಸಡಿಲ, ಸಡಿಲ ಇರಬೇಕಾದಲ್ಲಿ ಬಿಗಿ.

ಈಗ ಕಾನೂನು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, ಅದರಡಿಯ 1945ರ ನಿಯಮಗಳು. ಮೆಡಿಕಲ್ ಶಾಪಿಗೆ ಲೈಸೆನ್ಸು ಬೇಕೆಂದರೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ನೋಂದಾಯಿತ ಫಾರ್ಮಸಿಸ್ಟ್ ಬೇಕು, ಫ್ರಿಜ್ ಬೇಕು. 2017ರ ತಿದ್ದುಪಡಿಯಾದ ಮೇಲೆ ಲೈಸೆನ್ಸು ನವೀಕರಣದ ರಗಳೆ ಹೋಗಿ, ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ ಮುಂದುವರಿಯುತ್ತದೆ. ಅಂಗಡಿಯವನಿಗೆ ಅನುಕೂಲವಾಯಿತು, ಸಂತೋಷ. ಆದರೆ ಇಷ್ಟೆಲ್ಲ ಷರತ್ತಿನ ನಡುವೆ, ಎದುರಿಗೆ ಒಬ್ಬ ಮನುಷ್ಯ ಉಸಿರು ಕಟ್ಟಿ ಬಿದ್ದರೆ ಆ ಲೈಸೆನ್ಸುದಾರ ಏನು ಇಟ್ಟುಕೊಂಡಿರಬೇಕು, ಏನು ಮಾಡಬಹುದು ಅನ್ನುವುದು ನನಗೆಲ್ಲೂ ಕಾಣಲಿಲ್ಲ.

ಅದೇ ನಿಯಮಗಳ ಕೊನೆಯಲ್ಲಿ ಶೆಡ್ಯೂಲ್ ಕೆ ಅಂತ ಒಂದು ಪಟ್ಟಿ ಇದೆ. ವಿನಾಯಿತಿಗಳ ಪಟ್ಟಿ. ಓದುತ್ತಾ ಹೋದರೆ ಮಜಾ ಇದೆ. ಒಂದು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಯಲ್ಲಿ ಕಿರಾಣಿ ಅಂಗಡಿಯವನೂ ಲೈಸೆನ್ಸ್ ಇಲ್ಲದೆ ಕೆಲವು ಮದ್ದು ಮಾರಬಹುದು: ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ಹರಳೆಣ್ಣೆ, ಟಿಂಕ್ಚರ್ ಅಯೋಡಿನ್... ಮತ್ತು ಕ್ವಿನೈನ್ ಮಾತ್ರೆ!

ಕ್ವಿನೈನ್ ಹೆಸರು ಕಂಡಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ನಮ್ಮ ಮೂರು ತಾಲ್ಲೂಕುಗಳ ಹಳೆಯವರಿಗೆ ಮಲೇರಿಯಾ ಅಂದರೆ ಕತೆಯಲ್ಲ. ಜ್ವರದಿಂದ ಮನೆಗಳೇ ಖಾಲಿಯಾಗಿದ್ದ ಸೀಮೆ ಇದು. 1940ರ ದಶಕದ ನಡುವೆ ಮುಂಬೈ ಪ್ರಾಂತ್ಯದ ಡಾ. ಡಿ.ಕೆ. ವಿಶ್ವನಾಥನ್ ಅವರ ತಂಡ ಉತ್ತರ ಕನ್ನಡ, ಧಾರವಾಡಗಳಲ್ಲಿ ಮನೆಮನೆಗೆ ಡಿಡಿಟಿ ಹೊಡೆದ ಮೇಲೆ ತಾನೇ ಅದು ತಗ್ಗಿದ್ದು. ಅದಕ್ಕೂ ಮುಂಚೆ ಇದ್ದ ಆಸರೆ ಕ್ವಿನೈನ್. ಬ್ರಿಟಿಷ್ ಸರ್ಕಾರ 1892ರಲ್ಲಿ ಬಂಗಾಳದಲ್ಲಿ ಶುರು ಮಾಡಿ, ಆಮೇಲೆ ಬೇರೆ ಪ್ರಾಂತ್ಯಗಳಲ್ಲೂ ಅದನ್ನು ಪೋಸ್ಟಾಫೀಸಿನಲ್ಲಿ ಪೊಟ್ಟಣ ಕಟ್ಟಿ ಮಾರಿಸಿತು. ಕ್ವಿನೈನ್ ನಿರಪಾಯಕಾರಿ ಮದ್ದೇನಲ್ಲ, ಕಿವಿ ಗುಂಯ್ ಅನ್ನಿಸುತ್ತದೆ, ಜಾಸ್ತಿಯಾದರೆ ಹೃದಯಕ್ಕೂ ತೊಂದರೆ. ಆದರೂ ಡಾಕ್ಟರಿಲ್ಲದ ಕಡೆ ಪೋಸ್ಟ್ ಮಾಸ್ತರನಾದರೂ ಕೊಡಲಿ ಅಂದರು. ಆ ಕಾಲದ ಆಪತ್ತಿಗೆ ಆ ಕಾಲದ ವಿನಾಯಿತಿ. ಪರದೇಶಿ ಸರ್ಕಾರಕ್ಕೆ ಹೊಳೆದ ಉಪಾಯ ನಮ್ಮದಕ್ಕೆ ಯಾಕೆ ಹೊಳೆಯಬಾರದು?

2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದೇ ಶೆಡ್ಯೂಲ್ ಕೆ ಮುಟ್ಟಲು ಹೊರಟಿತ್ತು. 16 ಔಷಧಗಳನ್ನು ಚೀಟಿ ಇಲ್ಲದೆ ಮಾರಲು ಬಿಡುವ ಕರಡು ಹೊರಡಿಸಿತು. ತಲೆಹೊಟ್ಟಿನ ಶಾಂಪೂ ಇತ್ತು, ಮೂಗಿನ ಸ್ಪ್ರೇ ಇತ್ತು, ತುರಿಕೆಯ ಮಾತ್ರೆಯೂ ಇತ್ತು. ಅಲರ್ಜಿಯಲ್ಲಿ ಜೀವ ಉಳಿಸುವುದು ಮಾತ್ರ ಇರಲಿಲ್ಲ. ತುರಿಕೆ ಮಾತ್ರೆ ತುರಿಕೆ ಇಳಿಸುತ್ತದೆ, ಬಿಗಿದ ಗಂಟಲನ್ನು, ಕುಸಿದ ರಕ್ತದೊತ್ತಡವನ್ನು ಅದು ಎತ್ತುವುದಿಲ್ಲ. ನಮ್ಮಲ್ಲಿ ಹುಳ ಕಡಿದವರಿಗೆ ಒಂದು ಎವಿಲ್ ಕೊಟ್ಟು "ಸ್ವಲ್ಪ ಹೊತ್ತು ನೋಡಿ" ಅನ್ನುತ್ತಾರಲ್ಲ, ಆ ನೋಡುವ ಹೊತ್ತಿನಲ್ಲೇ ಕೆಲಸ ಕೆಡುವುದು.

ಹಾಗಾದರೆ ಯಾರ ಬೇಕಾದರೂ ಕೈಗೆ ಕೊಡಬೇಕೇ? ನನ್ನ ಡಾಕ್ಟರ್ ಗೆಳೆಯ ಕೇಳಿದ ಪ್ರಶ್ನೆಯೂ ಇದೇ. "ಹೃದಯದ ಕಾಯಿಲೆ ಇದ್ದವನಿಗೆ ಸುಮ್ಮನೆ ಗಾಬರಿಯಾದಾಗ ಚುಚ್ಚಿದರೆ? ತೊಡೆಗೆ ಬದಲು ನರಕ್ಕೆ ಕೊಟ್ಟರೆ? ಹತ್ತು ಪಟ್ಟು ಡೋಸ್ ಎಳೆದರೆ?" ಅಂದ. ನ್ಯಾಯವಾದ ಭಯ. ನರಕ್ಕೆ ಹೋದರೆ ನಿಜಕ್ಕೂ ಅಪಾಯ. (ಇದನ್ನು ಓದಿ ಯಾರೂ ಸಿರಿಂಜು ಹಿಡಿದು ಹೊರಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.) ಆದರೆ ಆ ಪ್ರಶ್ನೆಗೆ ಸರ್ಕಾರವೇ ಒಂದು ಉತ್ತರ ಕೊಟ್ಟಾಗಿದೆ. ಮಕ್ಕಳಿಗೆ ಲಸಿಕೆ ಹಾಕುವ ನರ್ಸಮ್ಮ, ಅಂದರೆ ಎಎನ್ಎಂ, ಲಸಿಕೆಯಿಂದ ತೀವ್ರ ಅಲರ್ಜಿಯಾದರೆ ವಯಸ್ಸಿಗೆ ತಕ್ಕ ಒಂದು ಡೋಸ್ ಅಡ್ರಿನಲಿನ್ ತೊಡೆಗೆ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು ಅಂತ ಲಸಿಕೆಯ ಮಾರ್ಗಸೂಚಿಯಲ್ಲೇ ಇದೆ, ತರಬೇತಿಯೂ ಕಿಟ್ಟೂ ಇದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡು ಅರ್ಧ ಗಂಟೆ ಶಾಲೆಯ ಬೆಂಚಿನ ಮೇಲೆ ಕೂತಿದ್ದಿರಲ್ಲ? ಆಗ ಮೂಲೆಯ ಮೇಜಿನ ಮೇಲೆ ಇಟ್ಟಿದ್ದ ಡಬ್ಬಿ ಇದೇ. ಅಂದರೆ ಲಸಿಕೆಯಿಂದ ಗಂಟಲು ಕಟ್ಟಿದರೆ ನರ್ಸಮ್ಮ ಕೊಡಬಹುದು. ಅದೇ ಮದ್ದು, ಅದೇ ಡೋಸು, ಅದೇ ತೊಡೆ. ಕಣಜ ಕಡಿದು ಗಂಟಲು ಕಟ್ಟಿದರೆ ಅವಳಿಗೆ ಯಾರೂ ಹಾಗೆ ಹೇಳಿಕೊಟ್ಟಿಲ್ಲ. ಅವಳ ಉಪಕೇಂದ್ರ ಅಪ್ಪಚ್ಚಿಯ ಮನೆಯಿಂದ ಎರಡೂವರೆ ಕಿಲೋಮೀಟರು!

ಮಂಗನ ಕಾಯಿಲೆಯ ಕಾಲದಲ್ಲಿ ಡೀಪಾ ಎಣ್ಣೆಯ ಬಾಟಲಿ ಸಿದ್ದಾಪುರದ ಮೂಲೆ ಮೂಲೆಯ ಮನೆಗೆ ತಲುಪಿತ್ತು. ಆಶಾ ಕಾರ್ಯಕರ್ತೆಯರು ಕಾಲುಸಂಕ ದಾಟಿ ಕೊಟ್ಟು ಬಂದರು. ಹಾಗಾಗಿ ಜನ ಇಲ್ಲ, ದಾರಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶೆಡ್ಯೂಲ್ ಕೆ ಪಟ್ಟಿಯಲ್ಲೇ ಎಎನ್ಎಂ, ಅಂಗನವಾಡಿ ಕಾರ್ಯಕರ್ತೆ ಇವರು ಸರ್ಕಾರದ ಆರೋಗ್ಯ ಕಾರ್ಯಕ್ರಮದಡಿ ಔಷಧ ಕೊಡಲು ಲೈಸೆನ್ಸ್ ಬೇಡ ಎಂಬ ಇನ್ನೊಂದು ಕಲಮು ಇದೆ. ಬಾಗಿಲು ಅರ್ಧ ತೆರೆದೇ ಇದೆ. ಹುಳ ಕಡಿತವನ್ನೂ ಆ ನರ್ಸಮ್ಮನ ಮಾರ್ಗಸೂಚಿಗೆ ಸೇರಿಸಲು ಪಾರ್ಲಿಮೆಂಟು ಕೂರಬೇಕಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು ಅಂತ ನನ್ನ ಅಂದಾಜು.

ಮೆಡಿಕಲ್ ಶಾಪಿನ ವಿಷಯಕ್ಕೆ ಮಾತ್ರ ನಿಯಮವನ್ನೇ ತಿದ್ದಬೇಕು. ಫ್ರಿಜ್ ಇರಬೇಕು ಎಂಬ ಷರತ್ತಿನ ಪಕ್ಕದಲ್ಲೇ ನಾಲ್ಕು ಆಂಪೂಲು, ನಾಲ್ಕು ಸಿರಿಂಜು ಇರಬೇಕು ಅಂತ ಬರೆಯಲಿ. ಎಕ್ಸ್‌ಪೈರಿಯಾದದ್ದನ್ನು ಬದಲಿಸಿಕೊಡುವ ಹೊಣೆ ಡೀಲರಿನದ್ದಾಗಲಿ. ಆಪತ್ತಿನಲ್ಲಿ ಫಾರ್ಮಸಿಸ್ಟ್ ಚೀಟಿ ಇಲ್ಲದೆ ಒಂದು ಡೋಸ್ ಕೊಡಬಹುದು, ಆಮೇಲೆ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಆಯಿತು ಅನ್ನಲಿ. ಫಾರ್ಮಸಿಸ್ಟ್ ಅಂದರೆ ನಿಜವಾದ ಫಾರ್ಮಸಿಸ್ಟ್, ಗೋಡೆ ಮೇಲೆ ಸರ್ಟಿಫಿಕೇಟು ನೇತುಹಾಕಿ ತಾನು ಬೇರೆ ಊರಲ್ಲಿ ಇರುವವನಲ್ಲ. ಆ ಬಾಡಿಗೆ ಸರ್ಟಿಫಿಕೇಟಿನ ಕತೆ ನಿಮಗೂ ಗೊತ್ತು. ಅದನ್ನು ಹಾಗೇ ಬಿಟ್ಟುಕೊಂಡು ಈ ಅಧಿಕಾರ ಕೊಟ್ಟರೆ ನನ್ನ ಗೆಳೆಯ ಹೆದರಿದ್ದೇ ಆಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ದೇಶದ 2000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಲ್ಲಿ ಜನೌಷಧಿ ಕೇಂದ್ರ ತೆರೆಯಲು ತೀರ್ಮಾನಿಸಿತು. ನಮ್ಮ ಕಡೆಯಷ್ಟು ಸೊಸೈಟಿಗಳ ಬಲ ಇರುವ ಊರುಗಳು ಕಡಿಮೆ. ಗೊಬ್ಬರ, ಮೈಲುತುತ್ತ ಕೊಡುವ ಸೊಸೈಟಿಯಲ್ಲೇ ಇದೂ ಸಿಗುವ ಹಾಗಾದರೆ ಮೆಡಿಕಲ್ ಶಾಪ್ ಇಲ್ಲದ ಊರಿಗೂ ತಲುಪುತ್ತದೆ.

ಹೊರದೇಶಗಳಲ್ಲಿ ಪೆನ್ನಿನ ಥರದ ಸಾಧನ ಸಿಗುತ್ತದೆ, ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿದರೆ ಅಳತೆಯ ಡೋಸ್ ಒಳಗೆ ಹೋಗುತ್ತದೆ. ಅಮೆರಿಕದಲ್ಲಿ 1987ರಿಂದ ಇದೆ. ಕೆನಡಾದಲ್ಲಿ ಅದಕ್ಕೆ ಚೀಟಿ ಬೇಡ, ಫಾರ್ಮಸಿಸ್ಟನ್ನು ಕೇಳಿದರಾಯಿತು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಶಾಲೆಗಳು ಚೀಟಿ ಇಲ್ಲದೆ ತರಿಸಿಟ್ಟುಕೊಳ್ಳಬಹುದು. ಅಲ್ಲಿಯ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೀವ ಉಳಿಸಲು ಅಡ್ರಿನಲಿನ್ ಇಂಜೆಕ್ಷನ್ನನ್ನು ಯಾರು ಬೇಕಾದರೂ ಕೊಡಬಹುದು ಅನ್ನುತ್ತದೆ. 2024ರಲ್ಲಿ ಅಮೆರಿಕ ಮೂಗಿಗೆ ಹೊಡೆಯುವ ಸ್ಪ್ರೇಗೂ ಒಪ್ಪಿಗೆ ಕೊಟ್ಟಿತು, ಸೂಜಿಯೇ ಬೇಡ. ಹಾಗಂತ ಅಮೆರಿಕದ ದಾರಿಯೇ ಸರಿ ಅಂತಲ್ಲ. ಅಲ್ಲಿ 2016ರಲ್ಲಿ ಎರಡು ಪೆನ್ನಿನ ಒಂದು ಪ್ಯಾಕಿನ ಬೆಲೆ 600 ಡಾಲರ್ ದಾಟಿ ದೊಡ್ಡ ಗಲಾಟೆ ಆಯಿತು. ನಮ್ಮೂರ ಯಾವ ಅಂಗಡಿಯಲ್ಲೂ ನಾನು ಈ ಪೆನ್ನು ಕಂಡಿಲ್ಲ, ನಾಳೆ ಬಂದರೂ ಆ ಬೆಲೆಗೆ ಬಂದರೆ ಕೊನೆಗೌಡನಿಗೆ ಏನು ಬಂತು?

ಹೌದು, ಕೊನೆಗೌಡ. ನನಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಆ ಯೋಚನೆ. ಅಪ್ಪಚ್ಚಿಗೆ ಬೆಂಗಳೂರಿನಲ್ಲಿರುವ ಅಣ್ಣನ ಮಗ ಇದ್ದಾನೆ, ಪಕ್ಕದ ಮನೆಯಲ್ಲಿ ಜೀಪು ಇದೆ. ಮದ್ದು ಹೊಡೆಯಲು, ಕೊನೆ ಕೊಯ್ಯಲು ಮರ ಏರುವವನಿಗೆ? ಅವನು ಮರದ ತುದಿಯಲ್ಲಿ ಇರುವಾಗ ಹೆಡೆಯ ಸಂದಿನಿಂದ ಕಣಜ ಎದ್ದರೆ ಕೈ ಬಿಡುವಂತಿಲ್ಲ, ಹೊಡೆದುಕೊಳ್ಳುವಂತಿಲ್ಲ. ಕಡಿಸಿಕೊಂಡೇ ಇಳಿಯಬೇಕು. ಮರದಿಂದ ಬಿದ್ದ ಅಂತ ನಾವು ಹೇಳುವ ಎಷ್ಟು ಸಾವುಗಳಲ್ಲಿ ಮೊದಲು ತಲೆ ತಿರುಗಿಸಿದ್ದು ಹುಳದ ವಿಷವೋ, ಯಾರು ಬರೆದಿಟ್ಟಿದ್ದಾರೆ? ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಒಳ್ಳೆಯದಾಯಿತು. ಹುಳ ಕಡಿತಕ್ಕೂ ಅಂಥದ್ದೊಂದು ಲೆಕ್ಕ ಬರಲಿ. ತೋಟಗಾರಿಕೆ ಇಲಾಖೆ ಸಹಾಯಧನದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಕೊಡುತ್ತದೆ. ಪೆಟ್ಟಿಗೆ ಕೊಡುವ ದಿನ ಅರ್ಧ ತಾಸು ಈ ಮಾತನ್ನೂ ಹೇಳಿಕೊಟ್ಟರೆ ಏನು ಗಂಟು ಹೋಗುತ್ತದೆ?

ಈಗ ಅಪ್ಪಚ್ಚಿಯ ಕವಳದ ಸಂಚಿಯ ಜೊತೆ ಇನ್ನೊಂದು ಪುಟ್ಟ ಡಬ್ಬಿ ಬೆಟ್ಟಕ್ಕೆ ಹೋಗುತ್ತದೆ. ಒಳಗೆ ಹತ್ತಿಯಲ್ಲಿ ಸುತ್ತಿದ ಎರಡು ಆಂಪೂಲು, ಎರಡು ಸಿರಿಂಜು, ಡೋಸ್ ಎಷ್ಟು ಅಂತ ಡಾಕ್ಟರು ಗೆರೆ ಎಳೆದು ತೋರಿಸಿದ ಚೀಟಿ. ಚುಚ್ಚುವುದನ್ನು ಚಿಕ್ಕಿ ಕಲಿತಿದ್ದಾಳೆ, ಡಾಕ್ಟರ ಎದುರಿಗೆ ಮೂಸಂಬಿ ಹಣ್ಣಿಗೆ ನೀರು ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದಳು. ಆಂಪೂಲಿನ ಅವಧಿ ಬರುವ ಏಪ್ರಿಲ್‌ಗೆ ಮುಗಿಯುತ್ತದೆ. ಮತ್ತೆ ಅಂಗಡಿ ಅಂಗಡಿ ತಿರುಗಬೇಕು.

ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಅಡ್ರಿನಲಿನ್ ಇದೆಯಾ ಅಂತ ಒಮ್ಮೆ ಕೇಳಿ ನೋಡಿ. ಊರಿನ ಹೆಸರು, ಅವರು ಹೇಳಿದ ಉತ್ತರ, ಎರಡನ್ನೂ ಇಲ್ಲಿ ಕೆಳಗೆ ಬರೆಯಿರಿ. ಅಂಗಡಿಯ ಹೆಸರು ಬೇಡ.